ಗರ್ಭಪಾತದ ಬಗ್ಗೆ ನಿಲುವು ಬದಲಿಸಿದ ರಾಜಕಾರಣಿಯನ್ನು ಪರಿಶೀಲಿಸುವ ಬಗೆ

ಮಂಗಳೂರು, ಉಡುಪಿ ಕಡೆಯ ಬಹಳಷ್ಟು ಮನೆಗಳಿಗೆ ಗರ್ಭಪಾತದ ರಾಜಕೀಯ ಎರಡು ದಾರಿಯಿಂದ ಬರುತ್ತದೆ. ಒಂದು, ಹೊರದೇಶದಲ್ಲಿ ನೆಲೆಸಿರುವ ಮಕ್ಕಳು ಮತ್ತು ಬಂಧುಗಳ ಮೂಲಕ. ಐರ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳಿಗೆ ಅಲ್ಲಿಯ ಪೌರತ್ವ ಸಿಕ್ಕಿದ್ದರೆ ಅಲ್ಲಿಯ ಜನಮತಗಣನೆಯಲ್ಲಿ ಮತವಿದೆ. ಅಮೆರಿಕದ ಪ್ರಜೆಯಾದ ತಮ್ಮನಿಗೆ ಅಲ್ಲಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಮತವಿದೆ. ಬ್ರಿಟನ್ನಿನಲ್ಲಿ ವಾಸಿಸುವ ಸೊಸೆ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೂ ಕಾಮನ್‌ವೆಲ್ತ್ ಪ್ರಜೆಯಾಗಿ ಅಲ್ಲಿಯ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಎರಡನೆಯ ದಾರಿ ನಮ್ಮದೇ ಚುನಾವಣೆಯದು. ಇಲ್ಲಿ ಗರ್ಭಪಾತವನ್ನು ಮುಂದಿಟ್ಟುಕೊಂಡು ಯಾವ ಪಕ್ಷವೂ ಮತ ಕೇಳುವುದಿಲ್ಲವಾದರೂ, ಸಭೆ ನೋಡಿ ಮಾತು ಬದಲಿಸುವ ಅಭ್ಯಾಸ ಈ ವಿಷಯದಲ್ಲಿಯೂ ಇದೆ: ಚರ್ಚಿನ ಸಭಾಭವನದಲ್ಲಿ ಒಂದು, ಮಹಿಳಾ ಕಾಲೇಜಿನ ವೇದಿಕೆಯಲ್ಲಿ ಇನ್ನೊಂದು, ವೈದ್ಯರ ಸಂಘದ ಎದುರು ಮತ್ತೊಂದು.

ನಿಲುವು ಬದಲಿಸುವುದೇ ಅಪರಾಧವೆಂದು ನಾನು ತಿಳಿಯುವುದಿಲ್ಲ. ಹೊಸ ಸಂಗತಿ ಗೊತ್ತಾದಾಗ, ತಪ್ಪಿಸಬಹುದಾಗಿದ್ದ ಒಂದು ಸಾವು ಕಣ್ಣೆದುರು ನಡೆದಾಗ, ಮನಸ್ಸು ಬದಲಿಸಲು ಒಪ್ಪದ ಜನಪ್ರತಿನಿಧಿಯ ಬಗ್ಗೆ ನನಗೆ ಹೆಚ್ಚು ಭಯ. ಆದರೆ ಇಲ್ಲಿ ಪಣಕ್ಕಿಟ್ಟಿರುವುದು ಒಬ್ಬ ಹೆಣ್ಣುಮಗಳ ದೇಹ, ಒಂದು ಕುಟುಂಬದ ಸಂಕಟ, ಅನೇಕರ ಧಾರ್ಮಿಕ ನಂಬಿಕೆ. ಇಂಥ ವಿಷಯವನ್ನು ಮತಕ್ಕಾಗಿ ತಿರುಗಿಸಿ ಮುರುಗಿಸಿ ಆಡುವವನನ್ನು ಸುಮ್ಮನೆ ಬಿಡುವುದು ಸರಿಯಲ್ಲ. ಆದ್ದರಿಂದ ನಿಲುವು ಬದಲಾಯಿತೇ ಎಂದು ಕೇಳಿ ನಿಲ್ಲಬಾರದು. ಯಾವಾಗ ಬದಲಾಯಿತು, ಯಾರೆದುರು ಬದಲಾಯಿತು, ಅದರಿಂದ ಅವರಿಗೆ ನಷ್ಟವೇನಾದರೂ ಆಯಿತೇ, ಆಮೇಲೆ ಅವರು ಮಾಡಿದ್ದೇನು ಎಂದು ಕೇಳಬೇಕು. ಗರ್ಭಪಾತವನ್ನು ಪಾಪವೆಂದು ನಂಬುವವರಿಗೂ ಅದು ಹೆಣ್ಣಿನ ಹಕ್ಕು ಎಂದು ನಂಬುವವರಿಗೂ ಈ ಪರಿಶೀಲನೆ ಸಮಾನವಾಗಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಮಾತು ತಪ್ಪುವ ರಾಜಕಾರಣಿಯಿಂದ ಇಬ್ಬರೂ ಮೋಸಹೋಗುತ್ತಾರೆ.

ದಿನಾಂಕದಿಂದ ಆರಂಭಿಸಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ದಿನಾಂಕ ಅಥವಾ ವರ್ಷ, ಎರಡನೆಯದರಲ್ಲಿ ಆಡಿದ ಮಾತು, ಮೂರನೆಯದರಲ್ಲಿ ಎದುರು ಕುಳಿತಿದ್ದವರು, ನಾಲ್ಕನೆಯದರಲ್ಲಿ ಮುಂದೆ ಎದುರಾಗಲಿದ್ದ ಚುನಾವಣೆ. ಮಾತನ್ನು ನಿಮ್ಮ ಅಭಿಪ್ರಾಯ ಬೆರೆಸದೆ, ಆದಷ್ಟೂ ಅವರದೇ ಶಬ್ದಗಳಲ್ಲಿ ಬರೆಯಿರಿ. ಅಮೆರಿಕದ ಮಿಟ್ ರಾಮ್ನಿಯವರ ಉದಾಹರಣೆಯನ್ನು ಈ ಪುಟದಲ್ಲಿ ತುಂಬಿ ನೋಡಿದರೆ ವಿಧಾನ ಸ್ಪಷ್ಟವಾಗುತ್ತದೆ.

1994ರಲ್ಲಿ ರಾಮ್ನಿ ಮ್ಯಾಸಚೂಸೆಟ್ಸ್ ರಾಜ್ಯದಿಂದ ಸೆನೆಟ್ಟಿಗೆ ಎಡ್ವರ್ಡ್ ಕೆನಡಿಯವರ ವಿರುದ್ಧ ಸ್ಪರ್ಧಿಸಿದ್ದರು. ಅಲ್ಲಿಯ ಮತದಾರರಲ್ಲಿ ಹೆಚ್ಚಿನವರು ಗರ್ಭಪಾತದ ಹಕ್ಕಿನ ಪರವಾಗಿದ್ದವರು. ಚರ್ಚಾಗೋಷ್ಠಿಯಲ್ಲಿ ರಾಮ್ನಿ ಗರ್ಭಪಾತ ಸುರಕ್ಷಿತವಾಗಿಯೂ ಕಾನೂನುಬದ್ಧವಾಗಿಯೂ ಇರಬೇಕೆಂದು ಹೇಳಿದರು. ಕಾನೂನುಬಾಹಿರ ಗರ್ಭಪಾತದಿಂದ ತೀರಿಕೊಂಡ ತಮ್ಮ ಬಂಧುವೊಬ್ಬರನ್ನೂ ನೆನಪಿಸಿಕೊಂಡರು. 2002ರಲ್ಲಿ ಅದೇ ರಾಜ್ಯದ ಗವರ್ನರ್ ಹುದ್ದೆಗೆ ನಿಂತಾಗ ಅಲ್ಲಿಯ ಗರ್ಭಪಾತದ ಕಾನೂನನ್ನು ಬದಲಿಸುವುದಿಲ್ಲ ಎಂದು ಮಾತು ಕೊಟ್ಟರು. 2005ರಲ್ಲಿ ಗವರ್ನರ್ ಆಗಿ, ತುರ್ತು ಗರ್ಭನಿರೋಧಕ ಮಾತ್ರೆ ಸುಲಭವಾಗಿ ಸಿಗುವಂತೆ ಮಾಡುವ ಮಸೂದೆಗೆ ಸಹಿ ನಿರಾಕರಿಸಿ, ತಾವು ಗರ್ಭಪಾತದ ವಿರೋಧಿಯೆಂದು ಪತ್ರಿಕೆಯಲ್ಲಿ ಬರೆದರು. ನಾಲ್ಕನೆಯ ಕಾಲಂನಲ್ಲಿ ಈಗ ಬರುವುದು 2008ರ ಅಧ್ಯಕ್ಷೀಯ ಅಭ್ಯರ್ಥಿತನಕ್ಕಾಗಿ ನಡೆದ ರಿಪಬ್ಲಿಕನ್ ಪಕ್ಷದ ಒಳಸ್ಪರ್ಧೆ. ಅಲ್ಲಿ ಮತ ಹಾಕುವವರು ಗರ್ಭಪಾತವನ್ನು ಗಟ್ಟಿಯಾಗಿ ವಿರೋಧಿಸುವ ಪಕ್ಷನಿಷ್ಠರು.

ಮಾನವ ಭ್ರೂಣದಿಂದ ತೆಗೆಯುವ ಕಾಂಡಕೋಶಗಳ (ಸ್ಟೆಮ್ ಸೆಲ್) ಸಂಶೋಧನೆಯ ಕುರಿತು 2004ರಲ್ಲಿ ನಡೆದ ಮಾತುಕತೆಯೊಂದು ತಮ್ಮ ಮನಸ್ಸನ್ನು ಬದಲಿಸಿತು ಎಂಬುದು ರಾಮ್ನಿಯವರ ವಿವರಣೆ. ಅದು ಸುಳ್ಳೆಂದು ಹೇಳಲು ನಮ್ಮ ಬಳಿ ಆಧಾರವಿಲ್ಲ. ಆದರೆ ಎರಡನೆಯ ಮತ್ತು ಮೂರನೆಯ ಕಾಲಂಗಳನ್ನು ಅಕ್ಕಪಕ್ಕದಲ್ಲಿ ಓದಿದರೆ, ಪ್ರತಿ ಬಾರಿಯೂ ಅವರ ನಿಲುವು ಆ ಹೊತ್ತಿಗೆ ಯಾರ ಮತ ಬೇಕಿತ್ತೋ ಅವರ ನಿಲುವಿಗೆ ಹೊಂದಿಕೊಂಡಿರುವುದು ಕಾಣುತ್ತದೆ. ಇಷ್ಟಕ್ಕೇ ಪುಟ ಮುಚ್ಚಬೇಡಿ. 2005ರ ನಂತರ ಅವರು ಹಿಂದಿರುಗಿ ಬದಲಾಗಲಿಲ್ಲ. ಯೂಟಾ ರಾಜ್ಯದ ಸೆನೆಟರ್ ಆಗಿದ್ದ ಕಾಲದಲ್ಲಿಯೂ ಗರ್ಭಪಾತದ ವಿರೋಧಿಯಾಗಿಯೇ ಉಳಿದರು. ಮತಕ್ಕಾಗಿ ಹುಟ್ಟಿದ ನಿಲುವೂ ಕಾಲ ಕಳೆದಂತೆ ಗಟ್ಟಿಯಾಗಬಹುದು ಎಂಬುದನ್ನು ಈ ಪುಟವೇ ತೋರಿಸುತ್ತದೆ. ಮತದಾರನಿಗೆ ಬೇಕಿರುವುದು ಅಭ್ಯರ್ಥಿಯ ಅಂತರಂಗದ ತೀರ್ಪಿಗಿಂತ ಹೆಚ್ಚಾಗಿ, ನಾಳೆ ಅವನ ಕೈಗೆ ಅಧಿಕಾರ ಬಂದರೆ ಏನು ಮಾಡಿಯಾನು ಎಂಬ ಅಂದಾಜು.

ಡೊನಾಲ್ಡ್ ಟ್ರಂಪ್ ಅವರ ಪುಟ ಬೇರೆ ಬಗೆಯದು. 1999ರ ಟಿವಿ ಸಂದರ್ಶನದಲ್ಲಿ ಅವರು ಗರ್ಭಪಾತದ ಹಕ್ಕನ್ನು ಬೆಂಬಲಿಸಿದ್ದರು. 2011ರ ಹೊತ್ತಿಗೆ ವಿರೋಧಿಯಾಗಿದ್ದರು. 2016ರ ಮಾರ್ಚ್ 30ರಂದು, ಗರ್ಭಪಾತ ನಿಷೇಧವಾದರೆ ಮಾಡಿಸಿಕೊಂಡ ಮಹಿಳೆಗೂ ಒಂದು ಬಗೆಯ ಶಿಕ್ಷೆ ಇರಬೇಕೆಂದು ಹೇಳಿ, ಅದೇ ದಿನ ಆ ಮಾತನ್ನು ಹಿಂತೆಗೆದುಕೊಂಡರು. 2024ರ ಏಪ್ರಿಲ್‌ನಲ್ಲಿ ಇದನ್ನು ಆಯಾ ರಾಜ್ಯಗಳಿಗೇ ಬಿಡಬೇಕೆಂದರು. ಅದೇ ಆಗಸ್ಟ್‌ನಲ್ಲಿ ಫ್ಲಾರಿಡಾದ ಆರು ವಾರಗಳ ಮಿತಿ ಬಹಳ ಕಡಿಮೆಯಾಯಿತೆಂದು ಒಂದು ದಿನ ಹೇಳಿ, ಮರುದಿನ ಆ ಮಿತಿಯನ್ನು ತೆಗೆಯುವ ಪ್ರಸ್ತಾವದ ವಿರುದ್ಧವೇ ಮತ ಹಾಕುವುದಾಗಿ ತಿಳಿಸಿದರು. ಮಾತುಗಳನ್ನಷ್ಟೇ ನೋಡಿದರೆ ಇಲ್ಲಿ ಏನೂ ನಿಲ್ಲುವುದಿಲ್ಲ. ಆದರೆ 2016ರಲ್ಲಿ ಗರ್ಭಪಾತ ವಿರೋಧಿ ನ್ಯಾಯಮೂರ್ತಿಗಳನ್ನು ಸುಪ್ರೀಂ ಕೋರ್ಟಿಗೆ ನೇಮಿಸುತ್ತೇನೆಂದು ಕೊಟ್ಟ ಭರವಸೆ ನಿಂತಿತು. ಅವರು ನೇಮಿಸಿದ ಮೂವರೂ 2022ರ ಜೂನ್ 24ರ ತೀರ್ಪಿನಲ್ಲಿ ಬಹುಮತದ ಜೊತೆಗಿದ್ದರು. ಗರ್ಭಪಾತಕ್ಕೆ 1973ರಿಂದ ಇದ್ದ ಸಂವಿಧಾನದ ರಕ್ಷಣೆ ಅಂದು ಹೋಯಿತು. ಮಾತು ಹೊಯ್ದಾಡುವ ರಾಜಕಾರಣಿಯ ವಿಷಯದಲ್ಲಿ ನೇಮಕ, ಸಹಿ, ಮತ, ಹಣ ಈ ನಾಲ್ಕನ್ನು ಬೇರೆಯೇ ಪುಟದಲ್ಲಿ ಬರೆಯಬೇಕಾಗುವುದು ಈ ಕಾರಣಕ್ಕೆ.

ಸಹಿ ಮತ್ತು ಮತದ ದಾಖಲೆ

ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ 1967ರಲ್ಲಿ ಗರ್ಭಪಾತದ ನಿಯಮವನ್ನು ಸಡಿಲಿಸುವ ಕಾಯ್ದೆಗೆ ಸಹಿ ಹಾಕಿದರು. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು, ಗರ್ಭಪಾತ ವಿರೋಧಿಗಳ ನೆಚ್ಚಿನ ಅಧ್ಯಕ್ಷರಾದರು. ಜೋ ಬೈಡನ್ ಬಡವರ ಗರ್ಭಪಾತಕ್ಕೆ ಕೇಂದ್ರದ ಹಣ ಬಳಸಬಾರದೆಂಬ 1976ರ ಹೈಡ್ ತಿದ್ದುಪಡಿಯನ್ನು ದಶಕಗಳ ಕಾಲ ಬೆಂಬಲಿಸಿದವರು. 2019ರ ಜೂನ್‌ನಲ್ಲಿ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದಾಗ, ಅವರ ಪ್ರಚಾರ ತಂಡ ಆ ಬೆಂಬಲ ಈಗಲೂ ಇದೆ ಎಂದು ಹೇಳಿದ ಮರುದಿನವೇ ಬೈಡನ್ ಅದನ್ನು ಕೈಬಿಟ್ಟರು. ಒಂದು ಪಕ್ಷದವರನ್ನು ಮಾತ್ರ ಹಿಡಿದು ತೋರಿಸುವ ಪಟ್ಟಿ ನಿಮ್ಮ ಕೈಗೆ ಬಂದರೆ, ಅದು ಇನ್ನೊಂದು ಪಕ್ಷದ ಪ್ರಚಾರ ಸಾಮಗ್ರಿಯಾಗಿರಬಹುದೆಂದು ಎಚ್ಚರವಾಗಿರಿ.

ಅಮೆರಿಕದ ಸಂಸತ್ತಿನಲ್ಲಿ ಮುಖ್ಯ ಮಸೂದೆಗಳಿಗೆ ಯಾರು ಹೇಗೆ ಮತ ಹಾಕಿದರು ಎಂಬುದು ಹೆಸರು ಸಹಿತ ಪ್ರಕಟವಾಗುತ್ತದೆ. ಬ್ರಿಟನ್ನಿನಲ್ಲಿ ಗರ್ಭಪಾತದ ವಿಷಯವನ್ನು ಪಕ್ಷಗಳು ರೂಢಿಯಾಗಿ ಸದಸ್ಯರ ಆತ್ಮಸಾಕ್ಷಿಗೆ ಬಿಡುತ್ತವೆ. 2025ರ ಜೂನ್ 17ರಂದು, ತನ್ನ ಗರ್ಭವನ್ನು ತೆಗೆಸಿಕೊಂಡ ಮಹಿಳೆಯನ್ನು ಅಪರಾಧಿಯಾಗಿ ಕಾಣಬಾರದೆಂಬ ಪ್ರಸ್ತಾವಕ್ಕೆ ಅಲ್ಲಿಯ ಕೆಳಮನೆಯಲ್ಲಿ 379 ಮತಗಳು ಪರವಾಗಿ, 137 ವಿರುದ್ಧವಾಗಿ ಬಿದ್ದವು. ಪ್ರತಿ ಸದಸ್ಯರ ಹೆಸರೂ ದಾಖಲೆಯಲ್ಲಿದೆ. ಅಲ್ಲಿರುವ ನಿಮ್ಮ ಸೊಸೆಗೆ ತನ್ನ ಕ್ಷೇತ್ರದ ಸದಸ್ಯರ ಹಳೆಯ ಭಾಷಣವನ್ನು ಈ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡುವುದು ಒಂದು ಸಂಜೆಯ ಕೆಲಸ.

ನಮ್ಮಲ್ಲಿ ಇದು ಅಷ್ಟು ಸಲೀಸಲ್ಲ. ಗರ್ಭಪಾತ ಯಾವಾಗ ಮಾಡಬಹುದೆಂದು ಹೇಳುವ ವೈದ್ಯಕೀಯ ಗರ್ಭಸಮಾಪನ ಕಾಯ್ದೆಯ ತಿದ್ದುಪಡಿ 2020ರ ಮಾರ್ಚ್ 17ರಂದು ಲೋಕಸಭೆಯಲ್ಲಿಯೂ 2021ರ ಮಾರ್ಚ್ 16ರಂದು ರಾಜ್ಯಸಭೆಯಲ್ಲಿಯೂ ಧ್ವನಿಮತದಿಂದ ಅಂಗೀಕಾರವಾಯಿತು. ಧ್ವನಿಮತದಲ್ಲಿ ದಕ್ಷಿಣ ಕನ್ನಡದ ಸಂಸದರು ಏನೆಂದರು, ಉಡುಪಿ-ಚಿಕ್ಕಮಗಳೂರಿನ ಸಂಸದರು ಏನೆಂದರು ಎಂಬುದರ ಹೆಸರುಪಟ್ಟಿ ಉಳಿಯುವುದಿಲ್ಲ. ಇದರ ಜೊತೆಗೆ 1985ರಿಂದ ಜಾರಿಯಲ್ಲಿರುವ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯನ ಸ್ಥಾನವೇ ಹೋಗಬಹುದು. ಹಾಗಾಗಿ ನಮ್ಮ ಸಂಸದರ ಮತ ಸಿಕ್ಕಿದರೂ ಅದರಿಂದ ಅವರ ಸ್ವಂತ ನಿಲುವು ಗೊತ್ತಾಗುವುದಿಲ್ಲ. ಹುಡುಕಬೇಕಾದದ್ದು ಚರ್ಚೆಯ ವರದಿಯಲ್ಲಿ. ಸಂಸತ್ತಿನ ಎರಡೂ ಮನೆಗಳ ಜಾಲತಾಣಗಳಲ್ಲಿ ದಿನವಾರು ಚರ್ಚೆ ಮತ್ತು ಸದಸ್ಯರು ಕೇಳಿದ ಪ್ರಶ್ನೆಗಳು ಇವೆ. ನಮ್ಮ ವಿಧಾನಸಭೆ, ವಿಧಾನ ಪರಿಷತ್ತುಗಳ ಕಲಾಪದ ವರದಿಗಳು ಕನ್ನಡದಲ್ಲಿ ಸಿಗುತ್ತವೆ. ನಿಮ್ಮ ಪ್ರತಿನಿಧಿಯ ಹೆಸರು ಈ ವಿಷಯದ ಚರ್ಚೆಯಲ್ಲಿ ಎಲ್ಲಿಯೂ ಕಾಣಿಸದಿದ್ದರೆ ಅದನ್ನೂ ಬರೆದುಕೊಳ್ಳಿ. ಸಭೆಗಳಲ್ಲಿ ಗಂಟಲು ಹರಿಯುವಂತೆ ಮಾತಾಡಿ ಸದನದಲ್ಲಿ ಬಾಯಿ ತೆರೆಯದವರ ನಿಲುವಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ಬದಲಾವಣೆಯಿಂದ ನಷ್ಟವಾಯಿತೇ, ಲಾಭವಾಯಿತೇ

ಪ್ರಾಮಾಣಿಕ ಬದಲಾವಣೆಯನ್ನು ಗುರುತಿಸಲು ನನಗೆ ಗೊತ್ತಿರುವ ಅತ್ಯಂತ ಉಪಯುಕ್ತ ಗುರುತು ಇದು: ಬದಲಿಸಿದ ದಿನ ಆ ರಾಜಕಾರಣಿ ತನ್ನದೇ ಜನರ ಸಿಟ್ಟನ್ನು ಎದುರಿಸಿದರೇ? ಇದನ್ನು ಕಲಿಯಲು ಐರ್ಲೆಂಡಿನ ಚರಿತ್ರೆಗಿಂತ ಒಳ್ಳೆಯ ಪಾಠವಿಲ್ಲ, ಮತ್ತು ಆ ಚರಿತ್ರೆಯ ನಡುವೆ ಇರುವವಳು ನಮ್ಮ ಬೆಳಗಾವಿಯಿಂದ ಹೋದ ಹೆಣ್ಣುಮಗಳು.

1981ರ ಚುನಾವಣೆಯ ಹೊತ್ತಿಗೆ ಗರ್ಭಪಾತ ವಿರೋಧಿ ಗುಂಪುಗಳು ಐರ್ಲೆಂಡಿನ ಎರಡೂ ದೊಡ್ಡ ಪಕ್ಷಗಳ ನಾಯಕರಿಂದ, ನಿಷೇಧವನ್ನು ಸಂವಿಧಾನದಲ್ಲಿಯೇ ಸೇರಿಸುವ ಮಾತು ತೆಗೆದುಕೊಂಡವು. ಮಾತು ಕೊಟ್ಟವರಲ್ಲಿ ಒಬ್ಬರಾದ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಮುಂದೆ ಪ್ರಧಾನಿಯಾಗಿ, ಕಾನೂನು ಸಲಹೆ ಪಡೆದ ಮೇಲೆ, ಆ ತಿದ್ದುಪಡಿಯ ಒಕ್ಕಣೆ ಅಪಾಯಕಾರಿಯೆಂದು ವಿರೋಧಿಸಿದರು. ಆದರೆ ಹೊತ್ತು ಮೀರಿತ್ತು. 1983ರ ಜನಮತಗಣನೆಯಲ್ಲಿ ಎಂಟನೆಯ ತಿದ್ದುಪಡಿ ಗೆದ್ದು, ತಾಯಿಯ ಜೀವಕ್ಕೂ ಗರ್ಭದ ಜೀವಕ್ಕೂ ಸಮಾನ ಹಕ್ಕೆಂದು ಸಂವಿಧಾನದಲ್ಲಿ ಬರೆಯಲಾಯಿತು. ಚುನಾವಣೆಯ ಅವಸರದಲ್ಲಿ ಓದದೆ ಕೊಟ್ಟ ಮಾತು ಎಷ್ಟು ವರ್ಷ ಉಳಿಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 2012ರ ಅಕ್ಟೋಬರ್‌ನಲ್ಲಿ, 17 ವಾರಗಳ ಗರ್ಭಿಣಿಯಾಗಿದ್ದ 31 ವರ್ಷದ ದಂತವೈದ್ಯೆ ಸವಿತಾ ಹಾಲಪ್ಪನವರ ಗಾಲ್ವೇಯ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯುವುದಿಲ್ಲವೆಂಬುದು ಖಚಿತವಾಗಿದ್ದರೂ, ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ ಎಂಬ ಕಾರಣಕ್ಕೆ ಅವರು ಕೇಳಿದ ಗರ್ಭಪಾತವನ್ನು ಮಾಡಲಿಲ್ಲ. ಅಕ್ಟೋಬರ್ 28ರಂದು ಅವರು ರಕ್ತದ ಸೋಂಕಿನಿಂದ ತೀರಿಕೊಂಡರು.

ಆ ಸಾವಿನ ನಂತರ ಐರ್ಲೆಂಡಿನ ರಾಜಕಾರಣಿಗಳು ಒಬ್ಬೊಬ್ಬರಾಗಿ ಬದಲಾದರು. ಅವರನ್ನು ಒಂದೇ ಗುಂಪಿಗೆ ಸೇರಿಸಬೇಡಿ. 2013ರಲ್ಲಿ ಸರ್ಕಾರ ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ತಂದಾಗ, ಚುನಾವಣೆಗೆ ಮೊದಲು ಪಕ್ಷ ಕೊಟ್ಟ ಮಾತಿಗೆ ಇದು ವಿರುದ್ಧವೆಂದು ಸಚಿವೆ ಲೂಸಿಂಡಾ ಕ್ರೈಟನ್ ವಿರೋಧವಾಗಿ ಮತ ಹಾಕಿ ಸಚಿವ ಸ್ಥಾನವನ್ನು ಕಳೆದುಕೊಂಡರು. ಆಕೆಯ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಮತಕ್ಕಾಗಿ ತಿರುಗುವವರ ಪಟ್ಟಿಯಲ್ಲಿ ಆಕೆಯ ಹೆಸರು ಬರೆಯಲು ಸಾಧ್ಯವಿಲ್ಲ. ಇನ್ನೊಂದು ದಿಕ್ಕಿನಲ್ಲಿ, ವಿರೋಧ ಪಕ್ಷದ ನಾಯಕ ಮಿಹಾಲ್ ಮಾರ್ಟಿನ್ ಅವರನ್ನು ನೋಡಿ. 2017ರ ಅಕ್ಟೋಬರ್‌ನಲ್ಲಿ ಅವರ ಪಕ್ಷದ ಸಮ್ಮೇಳನ ಎಂಟನೆಯ ತಿದ್ದುಪಡಿಯನ್ನು ತೆಗೆಯಬಾರದೆಂದು ನಿರ್ಣಯಿಸಿತ್ತು. 2018ರ ಜನವರಿ 18ರಂದು ಅವರು ಸಂಸತ್ತಿನಲ್ಲಿ ಎದ್ದು ನಿಂತು, ತಾನು ಅದನ್ನು ತೆಗೆಯುವ ಪರವಾಗಿರುತ್ತೇನೆ ಎಂದರು. ಅವರ ಪಕ್ಷದ ಸಂಸದರಲ್ಲಿ ಹೆಚ್ಚಿನವರು ಎದುರು ಬಣದಲ್ಲಿ ನಿಂತರು. ಆ ಹೊತ್ತಿಗೆ ದೇಶದ ಒಲವು ಬದಲಾಗುತ್ತಿದ್ದುದು ಅವರಿಗೂ ಗೊತ್ತಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ನಾಯಕನ ಕುರ್ಚಿ ಉಳಿಯುವುದು ಪಕ್ಷದವರಿಂದ, ಮತ್ತು ಅವರು ಪಕ್ಷದವರ ಎದುರಿಗೇ ಮಾತಾಡಿದರು. ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಾರರು ತಿದ್ದುಪಡಿಯನ್ನು ತೆಗೆಯಲು ಒಪ್ಪಿದರು.

ಇದರ ಪಕ್ಕದಲ್ಲಿ ಅಮೆರಿಕದ ಅರಿಝೋನ ರಾಜ್ಯದ ಕ್ಯಾರಿ ಲೇಕ್ ಅವರನ್ನು ಇಡಬಹುದು. 2022ರಲ್ಲಿ ಗವರ್ನರ್ ಹುದ್ದೆಗೆ ನಿಂತಾಗ, ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನಿಷೇಧಿಸುವ 1864ರ ಹಳೆಯ ಕಾನೂನನ್ನು ಅವರು ಮೆಚ್ಚಿ ಮಾತಾಡಿದ್ದರು. 2024ರ ಏಪ್ರಿಲ್ 9ರಂದು ರಾಜ್ಯದ ಸುಪ್ರೀಂ ಕೋರ್ಟು ಆ ಕಾನೂನು ಜಾರಿಯಾಗಬಹುದೆಂದು ತೀರ್ಪು ಕೊಟ್ಟಾಗ, ಈಗ ಸೆನೆಟ್ ಅಭ್ಯರ್ಥಿಯಾಗಿದ್ದ ಅವರು ಅದೇ ಕಾನೂನನ್ನು ವಿರೋಧಿಸಿದರು. ಅದೇ ತಿಂಗಳಲ್ಲಿ ಬೇರೆ ರಾಜ್ಯದಲ್ಲಿ ಮಾತಾಡುವಾಗ, ಕಾನೂನು ಜಾರಿಯಾಗುತ್ತಿಲ್ಲವಲ್ಲ ಎಂದು ಬೇಸರ ವ್ಯಕ್ತಪಡಿಸಿದರು. ನಡುವೆ ಹೊಸ ಸಂಗತಿಯೇನೂ ಬಂದಿರಲಿಲ್ಲ. ಬದಲಾದದ್ದು ಎದುರಿಗಿದ್ದ ಸಭೆ. ನಿಮ್ಮ ಪುಟದ ಮೂರನೆಯ ಕಾಲಂ ಇಂಥ ಸಂದರ್ಭದಲ್ಲಿ ಉಳಿದ ಮೂರಕ್ಕಿಂತ ಹೆಚ್ಚು ಹೇಳುತ್ತದೆ.

ನಮ್ಮ ಅಭ್ಯರ್ಥಿಯನ್ನು ಏನು ಕೇಳಬೇಕು

ಉಡುಪಿಯಲ್ಲಿ ನಡೆದ ಒಂದು ಚುನಾವಣಾ ಸಂವಾದದಲ್ಲಿ ನಾನು ಕೇಳಿದ ಮಾತುಕತೆಯನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ತಪ್ಪಿಸಿಕೊಳ್ಳುವ ಉತ್ತರ ಹೇಗಿರುತ್ತದೆ ಎಂಬುದು ಅದರಲ್ಲಿ ಪೂರ್ತಿಯಾಗಿದೆ. ಆಶಾ ಕಾರ್ಯಕರ್ತೆಯೊಬ್ಬರು ಮೈಕ್ ಹಿಡಿದು ಕೇಳಿದರು: “ಸರ್, ನಮ್ಮ ಊರಿನ ಒಬ್ಬಳು ಹುಡುಗಿಗೆ ಅನ್ಯಾಯ ಆಗಿ, ಗೊತ್ತಾಗುವಾಗ ಇಪ್ಪತ್ತು ವಾರ ದಾಟಿದ್ದರೆ ಅವಳನ್ನು ನಾನು ಯಾವ ಆಸ್ಪತ್ರೆಗೆ ಕರಕೊಂಡು ಹೋಗಬೇಕು? ಅಲ್ಲಿ ಬೇಕಾದ ಡಾಕ್ಟರು ಇರುವ ಹಾಗೆ ನೀವು ಏನು ಮಾಡುತ್ತೀರಿ?” ಅಭ್ಯರ್ಥಿ ಕೈಮುಗಿದರು. “ಅಕ್ಕಾ, ಹೆಣ್ಣು ಭ್ರೂಣಹತ್ಯೆ ಮಹಾಪಾಪ. ಅದರ ವಿರುದ್ಧ ನಮ್ಮ ಸರ್ಕಾರ ಕಠಿಣ ಕ್ರಮ ಕೈಗೊಳ್ಳುತ್ತದೆ.” ಸಭೆ ಚಪ್ಪಾಳೆ ತಟ್ಟಿತು. ಆಕೆ ಮೈಕ್ ಕೊಡದೆ ನಿಂತು, “ನಾನು ಕೇಳಿದ್ದು ಅದಲ್ಲ ಸರ್, ಆಸ್ಪತ್ರೆಯ ವಿಷಯ” ಎಂದರು. ಅಷ್ಟರಲ್ಲಿ ನಿರೂಪಕರು ಮುಂದಿನ ಪ್ರಶ್ನೆಗೆ ಹೋಗಿದ್ದರು.

ಆ ಉತ್ತರದಲ್ಲಿ ಎರಡು ಬೇರೆ ಕಾನೂನುಗಳು ಒಂದಾಗಿಬಿಟ್ಟಿವೆ. 1971ರಲ್ಲಿ ಅಂಗೀಕಾರವಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂದ ವೈದ್ಯಕೀಯ ಗರ್ಭಸಮಾಪನ ಕಾಯ್ದೆ, ಯಾವ ಪರಿಸ್ಥಿತಿಯಲ್ಲಿ ವೈದ್ಯರು ಗರ್ಭವನ್ನು ತೆಗೆಯಬಹುದು ಎಂದು ಹೇಳುತ್ತದೆ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ, ಗಂಡೋ ಹೆಣ್ಣೋ ಎಂದು ನೋಡುವುದನ್ನೇ ಅಪರಾಧವಾಗಿಸುತ್ತದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಬಯಲಾದಾಗ ಇಡೀ ರಾಜ್ಯ ಬೆಚ್ಚಿತು. ಆ ಆಕ್ರೋಶ ಸರಿಯಾದದ್ದೇ. ಆದರೆ ಆ ಆಕ್ರೋಶದ ಮರೆಯಲ್ಲಿ ನಿಂತು, ಅತ್ಯಾಚಾರಕ್ಕೊಳಗಾದ ಬಾಲಕಿಯ ಚಿಕಿತ್ಸೆಯ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಸಲ್ಲದು. ಭ್ರೂಣಲಿಂಗ ಪತ್ತೆಯನ್ನು ಎಲ್ಲ ಪಕ್ಷದವರೂ ವಿರೋಧಿಸುತ್ತಾರೆ, ಆದ್ದರಿಂದ ಅದನ್ನು ವಿರೋಧಿಸುತ್ತೇನೆ ಎಂಬ ಉತ್ತರದಿಂದ ಅಭ್ಯರ್ಥಿಯ ನಿಲುವು ಏನೂ ತಿಳಿಯುವುದಿಲ್ಲ.

ನಿಲುವು ತಿಳಿಯಬೇಕಾದರೆ ವಾರದ ಲೆಕ್ಕ ಹಿಡಿದು ಕೇಳಿ. ಈಗಿನ ಕಾನೂನಿನ ಪ್ರಕಾರ, ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಮತ್ತು ಆ ಅವಕಾಶ ನಿಯಮದಲ್ಲಿ ಹೇಳಿದವರಿಗೆ ಮಾತ್ರ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿರುವಾಗ ವಿಧವೆಯಾದವರು ಅಥವಾ ವಿಚ್ಛೇದನಗೊಂಡವರು, ಅಂಗವಿಕಲರು ಮುಂತಾದವರು. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸಬೇಕು. ಕೋರಿಕೆ ಬಂದ ಮೂರು ದಿನಗಳೊಳಗೆ ಅದು ಅಭಿಪ್ರಾಯ ಕೊಡಬೇಕೆಂದು 2021ರ ನಿಯಮಗಳು ಹೇಳುತ್ತವೆ. ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವಿದ್ದರೆ ವಾರದ ಮಿತಿ ಅಡ್ಡಬರುವುದಿಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ, 20ರಿಂದ 24 ವಾರಗಳ ಅವಕಾಶದಿಂದ ಅವಿವಾಹಿತೆಯರನ್ನು ಹೊರಗಿಡಬಾರದೆಂದು ತೀರ್ಪು ಕೊಟ್ಟಿತು. ಆ ಪೀಠದಲ್ಲಿ ಕೊಡಗಿನವರಾದ ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಇದ್ದರು.

ಹಾಗಾದರೆ ಅಭ್ಯರ್ಥಿಗೆ ಹೀಗೆ ಕೇಳಬಹುದು. ಅವಿವಾಹಿತೆಯ ಬಗ್ಗೆ ಬಂದ 2022ರ ತೀರ್ಪನ್ನು ನೀವು ಒಪ್ಪುತ್ತೀರಾ? 24 ವಾರಗಳ ಮಿತಿಯನ್ನು ಕಡಿಮೆ ಮಾಡಬೇಕೇ, ಹೆಚ್ಚಿಸಬೇಕೇ, ಹಾಗೆಯೇ ಇಡಬೇಕೇ? ನಮ್ಮ ತಾಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೇವೆಗೆ ಬೇಕಾದ ತಜ್ಞ ವೈದ್ಯರಿದ್ದಾರೆಯೇ, ಇಲ್ಲದಿದ್ದರೆ ಬೈಂದೂರಿನಿಂದ, ಸುಳ್ಯದಿಂದ ಬರುವವರು ಎಲ್ಲಿಗೆ ಹೋಗಬೇಕು? ಈ ಮೂರನೆಯ ಪ್ರಶ್ನೆ ಬಹಳ ಮುಖ್ಯ. ವಾರಗಳನ್ನು ಎಣಿಸುವ ಕಾನೂನಿನಲ್ಲಿ, ಊರಿನಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಅಲೆದಾಡುವ ಹೊತ್ತಿಗೆ ಒಂದು ವಾರ ಕಳೆದರೆ ಕಾನೂನು ಕೊಟ್ಟ ಅವಕಾಶವೇ ಹೋಗಿಬಿಡುತ್ತದೆ. ಗರ್ಭಪಾತವನ್ನು ವಿರೋಧಿಸುವ ಅಭ್ಯರ್ಥಿಯೂ ಇದಕ್ಕೆ ನೇರವಾಗಿ ಉತ್ತರಿಸಬಹುದು: ಈ ಸೇವೆಯನ್ನು ನಾನು ಬೆಂಬಲಿಸುವುದಿಲ್ಲ, ಹೆರಿಗೆಯಾದ ಮೇಲೆ ತಾಯಿ ಮಗುವಿಗೆ ಇಂತಿಂಥ ನೆರವು ಕೊಡಿಸುತ್ತೇನೆ ಎಂದು ಹೇಳಿದರೆ ಅದೊಂದು ನಿಲುವು, ಒಪ್ಪುವುದೋ ಬಿಡುವುದೋ ಮತದಾರನಿಗೆ ಬಿಟ್ಟದ್ದು. ಉತ್ತರವನ್ನು ಲಿಖಿತವಾಗಿ ಕೇಳಿ. ಸಾಧ್ಯವಾದರೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಸಭೆಗಳಲ್ಲಿ ಬೇರೆ ಬೇರೆಯವರು ಕೇಳಿ, ಉತ್ತರಗಳನ್ನು ಹೋಲಿಸಿ.

ಕಠಿಣ ಪ್ರಶ್ನೆಯನ್ನೂ ಬಿಡಬೇಡಿ. 2023ರ ಅಕ್ಟೋಬರ್‌ನಲ್ಲಿ, ಎರಡು ಮಕ್ಕಳ ತಾಯಿಯಾಗಿದ್ದು ಬಾಣಂತಿ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ, 26 ವಾರ ದಾಟಿದ ಮಹಿಳೆಗೆ ಸುಪ್ರೀಂ ಕೋರ್ಟು ಮೊದಲು ಅನುಮತಿ ಕೊಟ್ಟಿತು. ಮರುವಿಚಾರಣೆಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ಅಭಿಪ್ರಾಯಕ್ಕೆ ಬಂದರು. ನಮ್ಮ ರಾಜ್ಯದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮೊದಲಿನ ಆದೇಶವೇ ಸರಿಯೆಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರದ ವಿಷಯದಲ್ಲಿ ಅಭ್ಯರ್ಥಿ “ನನಗೆ ಇನ್ನೂ ಸ್ಪಷ್ಟವಿಲ್ಲ, ಯೋಚಿಸುತ್ತಿದ್ದೇನೆ” ಎಂದರೆ ಅದನ್ನು ದೌರ್ಬಲ್ಯವೆಂದು ತಿಳಿಯಬಾರದು. ಸುಲಭವಾಗಿ ಉತ್ತರಿಸಿದವನಿಗಿಂತ ಅವನನ್ನು ನಾನು ಹೆಚ್ಚು ನಂಬುತ್ತೇನೆ.

ಮಾಡಬಾರದ್ದು

ಅಭ್ಯರ್ಥಿಯ ಹೆಂಡತಿ, ಮಗಳು, ಸೊಸೆಯ ವೈಯಕ್ತಿಕ ವಿಷಯವನ್ನು ಯಾವ ಕಾರಣಕ್ಕೂ ಎತ್ತಬೇಡಿ. ಊರಿನಲ್ಲಿ ನಡೆದ ಘಟನೆಯನ್ನು ಉದಾಹರಣೆ ಕೊಡುವಾಗ ಆ ಹೆಣ್ಣುಮಗಳ ಊರು, ಕಾಲೇಜು, ಜಾತಿಯ ಸುಳಿವೂ ಇರಬಾರದು. ನಮ್ಮಂಥ ಸಣ್ಣ ಊರುಗಳಲ್ಲಿ ಹೆಸರು ಹೇಳದೆಯೂ ಗುರುತು ಸಿಕ್ಕಿಬಿಡುತ್ತದೆ. ಗರ್ಭಪಾತ ಮಾಡಿಸಿಕೊಂಡವರ ಗುರುತನ್ನು ಬಹಿರಂಗಪಡಿಸುವ ವೈದ್ಯರಿಗೆ 2021ರ ತಿದ್ದುಪಡಿಯಲ್ಲಿ ಒಂದು ವರ್ಷದವರೆಗೆ ಶಿಕ್ಷೆಯಿದೆ. ಉಳಿದವರ ಮೇಲಿರುವ ನೈತಿಕ ಹೊಣೆಯೂ ಅದಕ್ಕಿಂತ ಕಡಿಮೆಯಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅರ್ಧ ನಿಮಿಷದ ವಿಡಿಯೊ ನೋಡಿ ಯಾರನ್ನೂ ಮಾತು ತಪ್ಪಿದವರ ಪಟ್ಟಿಗೆ ಸೇರಿಸಬೇಡಿ. ಪೂರ್ತಿ ಭಾಷಣ ಸಿಗುವವರೆಗೆ ಆ ಸಾಲನ್ನು ಖಾಲಿ ಬಿಡಿ.

ಗೆದ್ದ ಮೇಲೆ

ಗೆದ್ದವರು ಮಾತಿಗೆ ನಿಂತರೇ ಎಂದು ನೋಡಲು ಮಾಹಿತಿ ಹಕ್ಕು ಕಾಯ್ದೆ ಇದೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲಿಯೇ ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ಗಮನಿಸದೆ ಎಲ್ಲವನ್ನೂ ಒಂದರಲ್ಲೇ ಕೇಳಿದರೆ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಆದ್ದರಿಂದ ಎರಡು ಅರ್ಜಿ ಹಾಕಿ. ಒಂದರಲ್ಲಿ, ಗರ್ಭಸಮಾಪನ ಸೇವೆಗೆ ತಜ್ಞರಿರುವ ಸರ್ಕಾರಿ ಆಸ್ಪತ್ರೆಗಳ ತಾಲೂಕುವಾರು ಪಟ್ಟಿ ಮತ್ತು ಖಾಲಿಯಿರುವ ಹುದ್ದೆಗಳ ವಿವರ ಕೇಳಿ. ಇನ್ನೊಂದರಲ್ಲಿ, ಭ್ರೂಣಲಿಂಗ ಪತ್ತೆ ತಡೆಯ ಜಿಲ್ಲಾ ಸಲಹಾ ಸಮಿತಿ ಕಳೆದ ವರ್ಷ ಸಭೆ ಸೇರಿದ ದಿನಾಂಕಗಳನ್ನು ಕೇಳಿ. ಎರಡು ಸಭೆಗಳ ನಡುವೆ 60 ದಿನಗಳಿಗಿಂತ ಹೆಚ್ಚು ಅಂತರ ಇರಬಾರದೆಂದು ನಿಯಮವಿದೆ. ಭ್ರೂಣಹತ್ಯೆಯ ವಿರುದ್ಧ ಕಠಿಣ ಕ್ರಮವೆಂದು ವೇದಿಕೆಯಲ್ಲಿ ಹೇಳಿದವರಿಗೆ ಈ ದಿನಾಂಕಗಳನ್ನು ತೋರಿಸಿದರೆ ಮಾತುಕತೆ ಬೇರೆ ರೀತಿಯಲ್ಲಿ ಆರಂಭವಾಗುತ್ತದೆ.

ಉತ್ತರ ಬರಲು 30 ದಿನಗಳ ಗಡುವಿದೆ. ಬರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಬಂದ ಉತ್ತರದ ಪ್ರತಿಯನ್ನು ಶಾಸಕರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಮತ್ತು ಖಾಲಿ ಹುದ್ದೆಗಳ ಬಗ್ಗೆ ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ಒತ್ತಾಯಿಸಿ. ಅಂಥ ಪ್ರಶ್ನೆಗೆ ಸಚಿವರು ಸದನದಲ್ಲಿಯೇ ಉತ್ತರಿಸಬೇಕಾಗುತ್ತದೆ, ಉತ್ತರ ಕಲಾಪದ ದಾಖಲೆಗೆ ಸೇರುತ್ತದೆ, ಮುಂದಿನ ಚುನಾವಣೆಯಲ್ಲಿ ಯಾರು ಬೇಕಾದರೂ ಅದನ್ನು ತೆಗೆದು ಓದಬಹುದು.